ಎರಡು ದಿಗಂತಗಳು



ಬ್ರಹ್ಮಾಂಡಕ್ಕೆ ಅಂಚಿದೆಯೇ ಎಂಬ ಪ್ರಶ್ನೆಯನ್ನು ಈ ಸ್ಟೌಫ್‌ವಿಲ್‌ನ ನೆರೆಯಿಂದಲೇ ಆರಂಭಿಸಬಹುದು. ರಿಚ್ಮಂಡ್ ಹಿಲ್‌ನ ಡೇವಿಡ್ ಡನ್‌ಲಪ್ ವೀಕ್ಷಣಾಲಯ 1935ರಲ್ಲಿ ತೆರೆದಾಗ ಅದರ 1.88 ಮೀಟರ್ ದೂರದರ್ಶಕ ಜಗತ್ತಿನಲ್ಲೇ ಎರಡನೆಯ ದೊಡ್ಡದು. 1970ರ ದಶಕದ ಆರಂಭದಲ್ಲಿ ಟಾಮ್ ಬೋಲ್ಟನ್ ಅದರಿಂದ ಒಂದು ನಕ್ಷತ್ರದ ಓಲಾಟವನ್ನು ಅಳೆದು, ಅದರ ಕಾಣದ ಜೊತೆಗಾರ ಸಿಗ್ನಸ್ ಎಕ್ಸ್-1 ಕಪ್ಪುರಂಧ್ರವಿರಬೇಕೆಂದು ತೋರಿಸಿದರು. ದೂರ ಸುಮಾರು 7,000 ಜ್ಯೋತಿರ್ವರ್ಷ. ವಿಶ್ವದ ಲೆಕ್ಕದಲ್ಲಿ ಅದು ನೆರೆಮನೆ.

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಬೆಳಕು ಸಾಗಿ ಬರುವಷ್ಟರಲ್ಲಿ ಅಂತರಿಕ್ಷವೇ ಹಿಗ್ಗಿದ್ದರಿಂದ, ಕಾಣಬಲ್ಲ ವಿಶ್ವ ಪ್ರತಿ ದಿಕ್ಕಿಗೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ಚಾಚಿದೆ. ಅದು ದಿಗಂತ, ಗೋಡೆಯಲ್ಲ. ಅಂತರಿಕ್ಷಕ್ಕೆ ವಕ್ರತೆಯಿದ್ದರೂ ಅದು ಅಳತೆಗೆ ಸಿಗದಷ್ಟು ಅಲ್ಪ. ಹಾಗಾಗಿ ವಿಶ್ವ ಅನಂತವೋ ಮಿತವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಉತ್ತರ ಶಾಸ್ತ್ರಗಳಲ್ಲಿ ಎಂದೋ ಇತ್ತೆಂದು ಸಾರುವವರಿಗೆ ಈ ಪ್ರಾಮಾಣಿಕ ‘ಗೊತ್ತಿಲ್ಲ’ ಒಗ್ಗದು.

ಆ ದಿಗಂತವನ್ನು ಎಳೆದದ್ದು ನಿಸರ್ಗ. ಇನ್ನೊಂದನ್ನು ಮನುಷ್ಯರೇ ಎಳೆದಿದ್ದಾರೆ. ನಗರ ಬೆಳೆದಂತೆ ವೀಕ್ಷಣಾಲಯದ ಸುತ್ತಲಿನ ಕತ್ತಲೆ ಕರಗಿತು. ಟೊರಾಂಟೊ ವಿಶ್ವವಿದ್ಯಾಲಯ 2008ರಲ್ಲಿ ಅದನ್ನು ಮಾರಿತು. ಆ ಬೆಳಕಿನಲ್ಲಿ ಹೊಸ ಬಡಾವಣೆಗಳ ವಲಸಿಗರ ದೀಪಗಳದ್ದೂ ಪಾಲಿದೆ. ಕತ್ತಲೆಯೂ ಕೆರೆ, ಗೋಮಾಳಗಳಂತೆ ಎಲ್ಲರ ಸೊತ್ತು. ಅಂಗಳದ ದೀಪವನ್ನು ನೆಲದತ್ತ ಬಾಗಿಸಿದರೆ, ಮುಂದಿನ ಮಗುವಿಗೂ ಈ ಪ್ರಶ್ನೆ ಕೇಳಲು ಆಕಾಶ ಉಳಿದೀತು.