ಹೊಸ ಅಂಗಳದ ಮಣ್ಣು

ಯಲಹಂಕದ ಸಮೀಪದ ಸಿಂಗಾಪುರದಲ್ಲಿ ನೂತನ ಗೃಹವನ್ನು ಕಟ್ಟಿಕೊಂಡವರು ಅಂಗಳದಲ್ಲಿ ಶಾಕಫಲಗಳನ್ನು ಬೆಳೆಯಲೆಳಸಿದಾಗ, ಮೊದಲು ಎದುರಾಗುವುದು ಇಟ್ಟಿಗೆಯ ಚೂರುಗಳಿಂದ ಗಡುಸಾದ ಕೆಮ್ಮಣ್ಣು. ಅದಕ್ಕೆ ಕಳಿತ ಗೊಬ್ಬರವನ್ನೂ ತರಗೆಲೆಯನ್ನೂ ಬೆರೆಸಿ, ಒಂದು ಮಳೆಗಾಲ ಅಲಸಂದೆಯನ್ನು ಬಿತ್ತಿದರೆ, ಅದರ ಬೇರುಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ವಾಯುವಿನಿಂದ ಹಿಡಿದಿರಿಸಿದ ಸಾರಜನಕವು, ಗಿಡವನ್ನು ಮಣ್ಣಿಗೆ ಮಗುಚಿದಾಗ, ನೆಲಕ್ಕೆ ಸಲ್ಲುವುದು. ಈ ಕಾರ್ಯವನ್ನು ಅವಸರಿಸಲಾಗದು. ಅವಸರಿಸಲೂಬಾರದೆಂದು ನನ್ನ ದೃಢವಾದ ನಂಬಿಕೆ.

ನೆರೆಯ ಹೆಸರಘಟ್ಟದಲ್ಲಿ, 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಹಳದಿ ನಂಜುರೋಗವನ್ನು ತಡೆದುಕೊಳ್ಳುವ ‘ಅರ್ಕಾ ಅನಾಮಿಕ’ ಬೆಂಡೆಯೂ, ಎಲೆಮುದುಡು ರೋಗವನ್ನು ತಾಳಿಕೊಳ್ಳುವ ‘ಅರ್ಕಾ ರಕ್ಷಕ್’ ಟೊಮೇಟೊವೂ ಅಲ್ಲಿಯ ವಿಜ್ಞಾನಿಗಳ ತಾಳ್ಮೆಯ ಫಲಗಳು. ಹೊಸಬರ ಪಾತಿಗೆ ಇವುಗಳಿಗಿಂತ ಉತ್ತಮವಾದ ಆರಂಭವನ್ನು ನಾನು ಕಾಣೆ.

ಸೀಬೆಯ ಕಸಿಗಿಡವನ್ನು ಮಾತ್ರ ಗೋಡೆಯಿಂದ ದೂರದಲ್ಲಿ, ಈ ಮಳೆಗಾಲದಲ್ಲಿಯೇ ನೆಡಿರಿ. ಅದು ಫಲವೀಯಲು ಎರಡು ಮೂರು ವರ್ಷಗಳು ಬೇಕು.