ಸೀಸೆಯೊಳಗಿನ ಸೀತಾಳೆ



ಅಂಗಾಂಶ ಕೃಷಿ, ಅಂದರೆ ಗಿಡದ ಚೂರನ್ನು ಸೀಸೆಯಲ್ಲಿ ಬೆಳೆಸಿ ಸಸಿ ಮಾಡುವ ವಿದ್ಯೆ, ಎಂದಾಗ ಎಲ್ಲರಿಗೂ ಮೊದಲು ಕಣ್ಣಿಗೆ ಕಟ್ಟುವುದು ನರ್ಸರಿಯ ಆಂಥೂರಿಯಂ, ಜರ್ಬೆರಾ ಸಸಿಗಳು. ನಾನು ಆರ್ಕಿಡ್‌ನಿಂದ ಶುರು ಮಾಡುತ್ತೇನೆ. ಹೂವಿನ ವ್ಯಾಪಾರಕ್ಕೆ ಈ ವಿದ್ಯೆ ದೊಡ್ಡದಾಗಿ ಕಾಲಿಟ್ಟದ್ದು ಆ ಗಿಡದ ಮೂಲಕವೇ. ಮಲೆನಾಡಿನವರಿಗೆ ಆರ್ಕಿಡ್ ಪರಕೀಯವೇನಲ್ಲ. ಮಳೆಗಾಲದ ಹೊತ್ತಿಗೆ ಮರದ ಕೊಂಬೆಯಿಂದ ಜೋತುಬೀಳುವ ಸೀತಾಳೆ ದಂಡೆ ಅದೇ ಕುಲದ್ದು.

ಅದರ ಕಾಯಿ ಒಡೆದರೆ ಹಾರುವುದು ಬೀಜವೋ ಧೂಳೋ ತಿಳಿಯದು. ಅಷ್ಟು ಬೀಜಗಳಿದ್ದರೂ ಒಂದಕ್ಕೂ ತಾಯಿ ಬುತ್ತಿ ಕಟ್ಟಿ ಕಳಿಸಿರುವುದಿಲ್ಲ. ಸರಿಯಾದ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಮೊಳಕೆ. ಇದನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನುಡ್ಸನ್ ಶಿಲೀಂಧ್ರವನ್ನೇ ಬಿಟ್ಟು, ಲವಣ ಮತ್ತು ಸಕ್ಕರೆ ಬೆರೆತ ಅಗರ್ ಎಂಬ ಲೋಳೆಯ ಮೇಲೆ ಬೀಜ ಮೊಳೆಸಿ ತೋರಿಸಿದರು. 1960ರಲ್ಲಿ ಜಾರ್ಜ್ ಮೊರೆಲ್ ವೈರಸ್ ತಗುಲಿದ ಸಿಂಬಿಡಿಯಂ ಗಿಡದ ಕುಡಿಯ ತುದಿಯನ್ನಷ್ಟೇ ಕತ್ತರಿಸಿ ಬೆಳೆಸಿದರು. ಬೆಳೆಯುವ ತುದಿಗೆ ವೈರಸ್ ಸಾಮಾನ್ಯವಾಗಿ ತಲುಪಿರುವುದಿಲ್ಲ. ರೋಗ ಬಿಡಿಸಲು ಹೊರಟವರಿಗೆ ಇನ್ನೊಂದು ಲಾಭ ಸಿಕ್ಕಿತು: ಆ ತುದಿ ಹಸಿರು ಗುಂಡುಗಳಾಗಿ ಉಬ್ಬಿತು, ಗುಂಡನ್ನು ಕತ್ತರಿಸಿದಷ್ಟೂ ಹೊಸ ಗುಂಡುಗಳು ಬಂದವು. ಶ್ರೀಮಂತರ ಗಾಜಿನ ಮನೆಯ ಹೂವು ಪೇಟೆಗೆ ಇಳಿಯಲು ದಾರಿ ತೆರೆದದ್ದು ಹೀಗೆ.

ಪ್ರಯೋಗಾಲಯದ ಪಾಕವನ್ನು ಇಲ್ಲಿ ಉದ್ದಕ್ಕೆ ಹೇಳಬೇಕಿಲ್ಲ. 1962ರ ಮುರಾಶಿಗೆ–ಸ್ಕೂಗ್ ಪೋಷಕ ಮಾಧ್ಯಮ, ಲೀಟರಿಗೆ 30 ಗ್ರಾಂ ಸಕ್ಕರೆ, ಚಿಗುರಿಗೆ ಸೈಟೋಕೈನಿನ್ ಹಾರ್ಮೋನು, ಬೇರಿಗೆ ಆಕ್ಸಿನ್ ಹಾರ್ಮೋನು. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳುತ್ತದೆ. ನಷ್ಟವಾಗುವ ಜಾಗ ಬೇರೆ, ಅದು ಸಸಿ ಹೊರಬರುವ ಸೀಸೆಯ ಬಾಯಿ. ಒಳಗೆ ಗಾಳಿಯ ತುಂಬ ತೇವ, ಕಾಲಡಿಯಲ್ಲಿ ಸಕ್ಕರೆ. ಆ ಸುಖದಲ್ಲಿ ಬೆಳೆದ ಎಲೆಯ ಮೇಲೆ ಮೇಣದ ಲೇಪ ತೆಳು. ಪತ್ರರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳುವುದನ್ನೂ ಕಲಿತಿರುವುದಿಲ್ಲ. ಹೊರಗಿಟ್ಟ ಸ್ವಲ್ಪ ಹೊತ್ತಿಗೇ ಸಸಿ ತಲೆ ಬಾಗಿಸುತ್ತದೆ. ಬೇರಿಗಂಟಿದ ಅಗರ್ ತೊಳೆಯದೆ ನೆಟ್ಟರಂತೂ ಆ ಸಕ್ಕರೆಗೆ ಬೂಷ್ಟು ಮುತ್ತುತ್ತದೆ. ಆದ್ದರಿಂದ ಉಗುರುಬೆಚ್ಚನೆ ನೀರಲ್ಲಿ ಬೇರು ತೊಳೆದು, ಕೋಕೋಪೀಟಿನ ಟ್ರೇಯಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ನೆರಳು ಪರದೆಯಡಿ ಇಟ್ಟು, ವಾರಗಟ್ಟಲೆ ತೇವವನ್ನು ಹಂತಹಂತವಾಗಿ ಇಳಿಸಬೇಕು. ಹಾರ್ಡನಿಂಗ್ ಎಂಬ ಈ ಕೆಲಸವನ್ನು ಬಿಳಿ ಕೋಟಿನವರು ಮಾಡುವುದು ಕಡಿಮೆ. ಮಾಡುವವರು ನರ್ಸರಿಯ ಹೆಂಗಸರು. ಸಂಶೋಧನ ಪ್ರಬಂಧಗಳಲ್ಲಿ ಅವರ ಹೆಸರು ಹುಡುಕಬೇಡಿ.

ಹೂ ಬೆಳೆಗಾರನಿಗೆ ಬೇಕಾದದ್ದು ಒಂದೇ ಬಣ್ಣ, ಒಂದೇ ಅಳತೆಯ ದಂಟು. ಅವನಿಗೆ ತದ್ರೂಪಿ ಸಸಿಯೇ ಸರಿ. ಅಲ್ಲಿಯೂ ದುರಾಸೆಗೆ ಬೆಲೆ ತೆರಬೇಕು: ಸೈಟೋಕೈನಿನ್ ಹೆಚ್ಚಿಸಿ ಒಂದೇ ತಾಯಿ ತುಣುಕನ್ನು ಮತ್ತೆ ಮತ್ತೆ ಕತ್ತರಿಸುತ್ತ ಹೋದರೆ ಗಾಜಿನಂಥ ಎಲೆ, ವಿಕಾರ ಹೂ ಬರತೊಡಗುತ್ತವೆ. ಹೂವಿನ ವಿಕಾರವಂತೂ ಹೂ ಬಿಡುವವರೆಗೂ ರೈತನಿಗೆ ತಿಳಿಯದು.

ಕಾಡಿನ ಸೀತಾಳೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ ಎಂಬುದು ನನ್ನ ವಾದ. ಹೆಚ್ಚು ಹೂ ಬಿಟ್ಟ ಒಂದೇ ಗಿಡದಿಂದ ಸಾವಿರಾರು ಸಸಿ ಮಾಡಿ ಮರಗಳಿಗೆ ಕಟ್ಟಿದರೆ ಫೋಟೋ ಚೆನ್ನಾಗಿ ಬರಬಹುದು. ಆ ಗಿಡಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲುತ್ತದೆ. ಅಲ್ಲಿ ಮೊರೆಲ್‌ಗಿಂತ ನುಡ್ಸನ್ ದಾರಿಯೇ ಮೇಲು. ಬೇರೆ ಬೇರೆ ಮರಗಳ ಗಿಡಗಳಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು ಕೆಲವೇ ಕಾಯಿ ತರಬೇಕು, ಒಡೆಯುವ ಮುನ್ನ, ಹಸಿರಿರುವಾಗಲೇ. ಹೊರಮೈಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಜ್ವಾಲೆಗೆ ಹಿಡಿದರೆ ಸಾಕು. ಮುಚ್ಚಿದ ಕಾಯಿಯೊಳಗಿನ ಬೀಜ ಮೊದಲೇ ಶುದ್ಧ, ಮತ್ತೆ ತೊಳೆಯುವ ಗೋಜಿಲ್ಲ. ಸಸಿಗಳಲ್ಲಿ ಒಂದು ಇನ್ನೊಂದರಂತಿರುವುದಿಲ್ಲ. ಮಾರಾಟಕ್ಕೆ ಅದು ಕುಂದು, ಕಾಡಿಗೆ ಬೇಕಾದದ್ದೇ ಅದು. ಮುಂಗಾರಿನ ಆರಂಭದಲ್ಲಿ ಒರಟು ತೊಗಟೆಯ ಮರ ಆರಿಸಿ ತೆಂಗಿನ ನಾರಿನಿಂದ ಕಟ್ಟಿದರೆ, ಬೇಸಿಗೆ ಬರುವ ಮೊದಲು ಬೇರು ತೊಗಟೆ ಹಿಡಿಯಲು ಸಮಯ ಸಿಗುತ್ತದೆ.