ಅಂಗಡಿಯಲ್ಲಿ ಎಷ್ಟು ಜನ?

ಮಕ್ಕಳೇ, ಮುಂಬಯಿಯ ಭಾಂಡುಪ್ ಸ್ಟೇಷನ್ನಿನಲ್ಲಿ ಪಶ್ಚಿಮಕ್ಕೆ ಇಳಿದು ಎಲ್‌ಬಿಎಸ್ ರಸ್ತೆಯ ಕಡೆಗೆ ನಡೆದರೆ ದಾರಿಯುದ್ದಕ್ಕೂ ಅಂಗಡಿಗಳು. ಭಾಜಿ, ವಡಾಪಾವ್, ಮೊಬೈಲ್ ಕವರ್, ಸೀರೆ, ಸ್ಟೀಲ್ ಪಾತ್ರೆ. ಇವತ್ತು ಸಾಮಾನನ್ನು ಬಿಟ್ಟು ಅದನ್ನು ಮಾರುವವರನ್ನು ನೋಡೋಣ. ವೈದ್ಯರು ನಾಡಿ ಹಿಡಿದು ಮೈಯ ಸ್ಥಿತಿ ತಿಳಿಯುವ ಹಾಗೆ, ಒಂದು ರಾಜ್ಯದ ಆರ್ಥಿಕ ಆರೋಗ್ಯ ತಿಳಿಯಲು ಅರ್ಥಶಾಸ್ತ್ರಜ್ಞರು ಅಂಗಡಿಗಳಲ್ಲಿ ದುಡಿಯುವವರ ಸಂಖ್ಯೆಯನ್ನೂ ನೋಡುತ್ತಾರೆ.

ಯಾಕೆ ಗೊತ್ತೇ? ಅಪ್ಪನಿಗೋ ಅಮ್ಮನಿಗೋ ಸಂಬಳ ಸರಿಯಾಗಿ ಬಂದರೆ ಮನೆಗೆ ಹೊಸ ಕುಕ್ಕರ್ ಬರುತ್ತದೆ, ನಿಮಗೆ ಶಾಲೆಯ ಚೀಲ ಬರುತ್ತದೆ. ಹೀಗೆ ಹತ್ತಾರು ಮನೆಯವರು ಕೊಳ್ಳತೊಡಗಿದಾಗ ಪಾತ್ರೆ ಅಂಗಡಿಯವರಿಗೆ ಒಬ್ಬರ ಕೈ ಸಾಲುವುದಿಲ್ಲ. ಅಟ್ಟದಿಂದ ಸಾಮಾನು ಇಳಿಸಲು ಒಬ್ಬ ಹುಡುಗ ಬೇಕು, ಬಿಲ್ ಮಾಡಲು ಇನ್ನೊಬ್ಬರು ಬೇಕು. ಅವರಿಗೂ ಸಂಬಳ ಸಿಗುತ್ತದೆ, ಅವರೂ ಕೊಳ್ಳುತ್ತಾರೆ. ಕೊಳ್ಳುವುದು ನಿಂತರೆ ಮೊದಲು ಹೋಗುವುದು ಆ ಹುಡುಗನ ಕೆಲಸ.

ಆದರೆ ಎಣಿಸುವವರು ಹುಷಾರಾಗಿರಬೇಕು. ದೀಪಾವಳಿಗೆ ಬಟ್ಟೆ ಅಂಗಡಿಗಳು ಹೆಚ್ಚು ಜನರನ್ನು ಇಟ್ಟುಕೊಳ್ಳುತ್ತವೆ, ಹಬ್ಬ ಮುಗಿದ ಮೇಲೆ ಬಿಡಿಸುತ್ತವೆ. ಅದನ್ನು ನೋಡಿ ರಾಜ್ಯ ಒಂದೇ ತಿಂಗಳಲ್ಲಿ ಶ್ರೀಮಂತವಾಯಿತು, ಮರುತಿಂಗಳೇ ಬಡವಾಯಿತು ಎನ್ನಲಾದೀತೇ? ಅದಕ್ಕೇ ಈ ವರ್ಷದ ತಿಂಗಳನ್ನು ಹೋದ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸುತ್ತಾರೆ. ಅಲ್ಲೂ ಒಂದು ತೊಡಕಿದೆ: ದೀಪಾವಳಿ 2023ರಲ್ಲಿ ನವೆಂಬರಿನಲ್ಲಿ ಬಂತು, 2025ರಲ್ಲಿ ಅಕ್ಟೋಬರಿನಲ್ಲೇ ಬಂತು! ಆದ್ದರಿಂದ ಹಬ್ಬದ ಏರಿಳಿತವನ್ನು ಲೆಕ್ಕದಿಂದ ಬೇರ್ಪಡಿಸುವ ಗಣಿತವೂ ಇದೆ.

ನಮ್ಮ ದೇಶದಲ್ಲಿ ಈ ಎಣಿಕೆಯ ಕೆಲಸ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯದು. ಪಿಎಲ್‌ಎಫ್‌ಎಸ್ ಎಂಬ ದುಡಿಮೆಯ ಸಮೀಕ್ಷೆಯನ್ನು ಅದು 2017ರಲ್ಲಿ ಶುರುಮಾಡಿತು. 2025ರಿಂದ ತಿಂಗಳಿಗೊಮ್ಮೆ ಅಂಕಿಅಂಶ ಕೊಡುತ್ತಿದೆ. ಎಲ್ಲ ಮನೆಗಳಿಗೂ ಹೋಗಲು ಸಾಧ್ಯವಿಲ್ಲವಲ್ಲ, ಹಾಗಾಗಿ ಕೆಲವು ಮನೆಗಳನ್ನು ಆರಿಸಿಕೊಂಡು ಕೇಳುತ್ತಾರೆ. ಪ್ರತಿ ಕೆಲಸಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಚಿಲ್ಲರೆ ವ್ಯಾಪಾರದ್ದು 47ರಿಂದ ಶುರುವಾಗುತ್ತದೆ. ವಾರದ ಲೆಕ್ಕದಲ್ಲಿ, ಹಿಂದಿನ 7 ದಿನಗಳಲ್ಲಿ 1 ಗಂಟೆ ದುಡಿದಿದ್ದರೂ ಅವರು ಕೆಲಸದಲ್ಲಿದ್ದಾರೆ ಎಂದೇ ಬರೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಸಂಬಳವಿಲ್ಲದೆ ಅಪ್ಪನಿಗೆ ನೆರವಾಗುವ ದೊಡ್ಡಣ್ಣನೂ ಈ ಲೆಕ್ಕಕ್ಕೆ ಸೇರುತ್ತಾನೆ.

ಇಲ್ಲಿಯೇ ನನಗೆ ಬಹಳ ಮುಖ್ಯವೆನಿಸುವ ಪ್ರಶ್ನೆ ಇರುವುದು: ಸಂಖ್ಯೆ ಏರಿದರೆ ಆರೋಗ್ಯವೂ ಏರಿತೆಂದೇ ಅರ್ಥವೇ? ಭಾಂಡುಪ್ ಒಂದು ಕಾಲಕ್ಕೆ ಕಾರ್ಖಾನೆಗಳ ಊರು. ಏಷ್ಯನ್ ಪೇಂಟ್ಸ್ ಬಣ್ಣ ಇಲ್ಲಿ ತಯಾರಾಗುತ್ತಿತ್ತು. ಆ ಬಣ್ಣದ ತಯಾರಿಕೆ 2014ರಲ್ಲಿ ನಿಂತಿತು. ಎಲ್‌ಬಿಎಸ್ ರಸ್ತೆಯ ಅಕ್ಕಪಕ್ಕದ ಕಾರ್ಖಾನೆ ಜಾಗಗಳಲ್ಲಿ ಎತ್ತರದ ಕಟ್ಟಡಗಳು, ಮಾಲ್‌ಗಳು ಬಂದವು. ಈಗ ಯೋಚಿಸಿ: ಕಾರ್ಖಾನೆ ಕೆಲಸ ಹೋದ ಒಬ್ಬರು ಬೇರೆ ದಾರಿ ಕಾಣದೆ ತಮ್ಮನ ಕಿರಾಣಿ ಅಂಗಡಿಯಲ್ಲಿ ಕೂತರು ಎನ್ನಿ. ಗಿರಾಕಿಗಳು ಅಷ್ಟೇ, ಗಲ್ಲಾಪೆಟ್ಟಿಗೆಗೆ ಬೀಳುವ ಹಣವೂ ಅಷ್ಟೇ. ಆದರೆ ಅಂಗಡಿಯಲ್ಲಿ ದುಡಿಯುವವರ ಸಂಖ್ಯೆ ಒಂದು ಹೆಚ್ಚಾಯಿತು! ಇದು ಆರೋಗ್ಯದ ಗುರುತೇ? ಅಲ್ಲ. ಇದಕ್ಕೆ ಮರೆಮಾಚಿದ ನಿರುದ್ಯೋಗ ಎನ್ನುತ್ತಾರೆ.

ಇದರ ತಿರುವುಮುರುವೂ ಆಗಬಹುದು. ನೀವು ಮೊಬೈಲಿನಲ್ಲಿ ತರಿಸಿದ ಬಿಸ್ಕತ್ತು ಗೋದಾಮಿನಿಂದ ಬೈಕಿನಲ್ಲಿ ಬರುತ್ತದೆ. ಮಾರಾಟ ಹೆಚ್ಚಾದರೂ ಗಲ್ಲಿಯ ಅಂಗಡಿಗೆ ಹೊಸಬರು ಬೇಕಾಗುವುದಿಲ್ಲ.

ಅದಕ್ಕೇ ಒಳ್ಳೆಯ ಅರ್ಥಶಾಸ್ತ್ರಜ್ಞರು ಎಷ್ಟು ಜನ ಎಂದಷ್ಟೇ ಕೇಳುವುದಿಲ್ಲ. ಸಂಬಳ ಇದೆಯೇ, ಎಷ್ಟು ಗಂಟೆ ದುಡಿಯುತ್ತಾರೆ, ಮಾರಾಟವೂ ಏರಿದೆಯೇ ಎಂದೆಲ್ಲ ಕೇಳುತ್ತಾರೆ. ಜಿಎಸ್‌ಟಿ ಎಂಬ ತೆರಿಗೆಯ ವಸೂಲಿ, ಕಾರ್ಖಾನೆಯ ಉತ್ಪಾದನೆಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ.

ನೀವೂ ಮಾಡಿ ನೋಡಿ. ನಿಮ್ಮ ಬೀದಿಯ 10 ಅಂಗಡಿಗಳನ್ನು ಆರಿಸಿಕೊಳ್ಳಿ. ಪ್ರತಿ ತಿಂಗಳ ಮೊದಲ ಶನಿವಾರ, ಒಂದೇ ಹೊತ್ತಿಗೆ, ಒಳಗೆ ಎಷ್ಟು ಜನ ದುಡಿಯುತ್ತಿದ್ದಾರೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಬ್ಬವಿದ್ದರೆ ಅದನ್ನೂ ಬರೆಯಿರಿ. ಪರಿಚಯದ ಅಂಗಡಿಯಾದರೆ, ಅವರ ಕೈ ಬಿಡುವಾಗಿದ್ದಾಗ, ಹೋದ ವರ್ಷ ಎಷ್ಟು ಜನ ಇದ್ದರೆಂದು ಮರ್ಯಾದೆಯಿಂದ ಕೇಳಿ.